ಮನೆಮಾತು

ಊರಿಗೆಲ್ಲ ಮನೆಮಾತಾಗಿದ್ದ ಪಾದ್ರಿಗೆ ಮನೆಮಾತೇ ಮರೆತುಹೋಯಿತಂತೆ ಎಂದು ಜನ ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವುದು ಯಾರಿಂದಾದೀತು? ಆದರೂ ಮಾತು ನಿಜವೇ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದ ಪಾದ್ರಿ ಮತ್ತೆ ಬಾಯಿ ತೆರೆದಾಗ, ಹುಟ್ಟಿದ ನಾಡಿನ ಮಾತು, ತಾಯಿ ತುತ್ತಿನ ಜೊತೆ ಕಲಿಸಿದ ಮಾತು, ಹೆಂಡತಿಯೊಡನೆ ಇಷ್ಟು ವರ್ಷ ಸಂಸಾರ ಮಾಡಿದ ಮಾತು ಪೂರ್ತಿ ಅಳಿಸಿಹೋಗಿತ್ತು. ಉಳಿದದ್ದು ಈ ಊರಿನ ಮಾತೊಂದೇ. ಧರ್ಮ ಸಾರಲೆಂದು ಎಳೆ ಹರೆಯದಲ್ಲಿ ಈ ದೇಶಕ್ಕೆ ಬಂದು, ಮಾರುಕಟ್ಟೆಯಲ್ಲಿ, ಕ್ಷೌರದಂಗಡಿಯಲ್ಲಿ, ಸಾವಿನ ಮನೆಗಳಲ್ಲಿ ಕೇಳಿ ಕೇಳಿ ಕಲಿತ ಮಾತು.

ಪಾದ್ರಿಯ ಹೆಂಡತಿಗೆ, ಅಂದರೆ ಅಮ್ಮನಿಗೆ, ಬರದ ಮಾತು ಅದೇ.

ಅಮ್ಮ ಮದುವೆಯಾಗಿ ಬಂದದ್ದು ಐದು ವರ್ಷಕ್ಕೆಂದು. ಐದು ವರ್ಷಕ್ಕೋಸ್ಕರ ನಾಲಿಗೆ ಯಾಕೆ ತಿರುಚಿಕೊಳ್ಳಬೇಕು ಎಂದು ಕಲಿಯಲಿಲ್ಲ. ಐದು ಹತ್ತಾಯಿತು, ಹತ್ತು ಹದಿನೈದಾಯಿತು, ಹದಿನೈದು ಇಪ್ಪತ್ತೈದಾಯಿತು. ಪ್ರತಿ ಸಲವೂ ಪಾದ್ರಿ ಮಿಷನ್ನಿನವರಿಗೆ ಒಪ್ಪಿಗೆ ಕೊಟ್ಟು ಬಂದು, ಆಮೇಲೆ ಊಟದ ಮೇಜಿನಲ್ಲಿ ಸುದ್ದಿ ಹೇಳುತ್ತಿದ್ದರು. ಅಮ್ಮನ ತಾಯಿ ಅಲ್ಲಿ ಹಾಸಿಗೆ ಹಿಡಿದ ವರ್ಷವೂ ಹಾಗೇ ಆಯಿತು. ಪ್ರಾರ್ಥನಾ ಮಂದಿರದ ಹೆಂಚಿನ ಮಾಡು ಅರ್ಧಕ್ಕೆ ನಿಂತಿದೆ, ಬಿಟ್ಟು ಹೋಗಲಾಗದು ಎಂದರು. ಮಾಡು ಮುಗಿಯಿತು, ಅಷ್ಟರೊಳಗೆ ಅಜ್ಜಿಯೂ ಮುಗಿದಳು. ಇಷ್ಟಾದರೂ ಅಮ್ಮ ಕಲಿತ ಊರಮಾತು ಅಡುಗೆಮನೆಗೆ ಬೇಕಾದಷ್ಟೇ: ತಾ, ಇಡು, ಒರೆಸು, ತಿನ್ನು, ನಾಳೆ ಬಾ, ಸುಳ್ಳು ಹೇಳಬೇಡ. ಚಿಕ್ಕವರು ದೊಡ್ಡವರೆಂಬ ಭೇದವಿಲ್ಲದೆ ಎಲ್ಲರಿಗೂ ಏಕವಚನ. ಹಾಲಿನವನಿಗೂ 'ಬಾ', ಊರಿನ ಹಿರೀಕರಿಗೂ 'ಬಾ'. ಜನ ಮೊದಲು ಬೇಜಾರು ಮಾಡಿಕೊಂಡರು, ಆಮೇಲೆ ನಕ್ಕರು, ಕೊನೆಗೆ ರೂಢಿಯಾಯಿತು.

ಇವರಿಬ್ಬರ ನಡುವೆ ಸಿಕ್ಕಿಕೊಂಡವಳು ಮಗಳು. ಇಲ್ಲೇ ಹುಟ್ಟಿ ಎರಡೂ ಮಾತನ್ನು ಒಟ್ಟಿಗೇ ಕಲಿತವಳು. ಚಿಕ್ಕಂದಿನಲ್ಲಿ ಇತ್ತ ಕೇಳಿದ್ದನ್ನು ಅತ್ತ ಹೋಗಿ ಒಪ್ಪಿಸುತ್ತಿದ್ದಳೆಂದು ಊರವರು ಗಿಣಿ ಎಂದು ಕರೆದರು, ಅದೇ ಹೆಸರು ನಿಂತಿತು. ಈಗ ಇಪ್ಪತ್ತು ದಾಟಿದ ಹುಡುಗಿ, ಪೇಟೆಯ ಕನ್ನಡಕದಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸ.

ಆಸ್ಪತ್ರೆಯಿಂದ ಬಂದ ದಿನದ ಮೊದಲ ಊಟಕ್ಕೆ ಗಂಜಿ. ಪಾದ್ರಿಯ ಬಲಗೈಯಲ್ಲಿ ಶಕ್ತಿಯಿರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಒಂದು ಗುಟುಕು ಕುಡಿದು ಅಡುಗೆಯಕ್ಕನ ಕಡೆ ನೋಡಿದರು.

"ಉಪ್ಪು ಹಾಕೋದೇ ಮರೆತೆಯಾ ತಾಯಿ?"

"ಡಾಕ್ಟ್ರು ಕಮ್ಮಿ ಮಾಡು ಅಂದಿದ್ದಾರೆ, ಅಯ್ನೋರೆ."

"ಉಪ್ಪು ತಿನ್ನದವನಿಗೂ ನೀರು ಕುಡಿಸ್ತಾನಲ್ಲ, ಎಂಥ ಡಾಕ್ಟ್ರು ಅವನು!"

ಅಡುಗೆಯಕ್ಕ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅಮ್ಮ ಮೇಜಿನ ಮೇಲೆ ಸೌಟು ಕುಕ್ಕಿದಳು.

"ಏನಂದ್ರು?"

"ಉಪ್ಪು ಕಮ್ಮಿಯಂತೆ," ಎಂದಳು ಗಿಣಿ ಮನೆಮಾತಿನಲ್ಲಿ.

"ಅದಕ್ಕೆ ಇಷ್ಟೊಂದು ನಗುವಾ? ನನ್ನ ಮುಖ ನೋಡಿ ಹೇಳೋಕೆ ಏನು ದಾಡಿ?"

"ಅಪ್ಪನಿಗೆ ನಮ್ಮ ಮಾತು ಬರ್ತಿಲ್ಲಮ್ಮ. ಎರಡು ಭಾಷೆ ಇದ್ದೋರಿಗೆ ಅಪರೂಪಕ್ಕೆ ಹೀಗಾಗತ್ತೆ, ಹಳೇದು ಹೋಗಿ ಹೊಸದು ಉಳಿಯತ್ತೆ ಅಂತ ಡಾಕ್ಟ್ರು ಹೇಳಲಿಲ್ವಾ?"

"ಡಾಕ್ಟ್ರು! ಇನ್ನೂ ಮೀಸೆ ಚಿಗುರಿಲ್ಲ ಅವನಿಗೆ. ಹೊರಡೋ ಹೊತ್ತಿಗೆ ಸರಿಯಾಗಿ ಮಾತು ಮರೆಯುತ್ತಂತೆ. ನಂಬೋಕೆ ನಾನೇನು ಕಿವಿ ಮೇಲೆ ಹೂವು ಇಟ್ಕೊಂಡಿದ್ದೀನಾ?"

ಅಮ್ಮನ ಅನುಮಾನಕ್ಕೂ ಕಾರಣವಿತ್ತು. ಮನೆ ಮಿಷನ್ನಿನದು. ಎದ್ದು ಓಡಾಡಲಾಗದ ಪಾದ್ರಿಯನ್ನು ಇಟ್ಟುಕೊಂಡು ಮಿಷನ್ ಏನು ಮಾಡೀತು? ತಿಂಗಳೊಪ್ಪತ್ತಿನಲ್ಲಿ ಹೊಸ ಪಾದ್ರಿ ಬರುತ್ತಾರೆ, ನೀವು ನಿಮ್ಮ ದೇಶಕ್ಕೆ ಮರಳಿ, ಔಷಧೋಪಚಾರದ ಭಾರ ಅಲ್ಲಿ ಮಾತ್ರ ನಮ್ಮದು ಎಂದು ಹೇಳಿ ಕಳಿಸಿತ್ತು. ಪಾದ್ರಿಯೋ, ನನ್ನ ಮಣ್ಣು ಇಲ್ಲೇ ಎಂದು ಮೊದಲಿನಿಂದ ಸಾರಿಕೊಂಡು ಬಂದವರು. ಅಮ್ಮ ಕಾದು ಕಾದು ಕೊನೆಗೂ ತವರಿನ ದಾರಿ ಕಂಡಾಗ, ಗಂಡ ಅಲ್ಲಿನ ಮಾತನ್ನೇ ಬಿಟ್ಟು ಕೂತಿದ್ದರು. ಬರುವುದಿಲ್ಲ ಎಂದು ಹೇಳುವುದಕ್ಕೆ ಇದೊಂದು ಹೊಸ ವರಸೆ ಎಂದೇ ಅವಳು ತಿಳಿದಳು.

ಹೀಗೆ ಗಿಣಿ ಮತ್ತೆ ಗಿಣಿಯ ಕೆಲಸಕ್ಕೆ ಬಿದ್ದಳು. ಬೆಳಗಿನ ಕಾಫಿಯಿಂದ ಹಿಡಿದು ಸ್ನಾನದ ನೀರಿನವರೆಗೆ ಗಂಡಹೆಂಡಿರ ನಡುವಿನ ಪ್ರತಿ ಮಾತೂ ಅವಳ ಬಾಯಿಂದಲೇ ಹಾದು ಹೋಗಬೇಕು. ಹಾದು ಹೋಗುವಾಗ ಅವಳು ಸ್ವಲ್ಪ ಸ್ವಲ್ಪ ಬದಲಾಯಿಸತೊಡಗಿದಳು. ಅದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ.

"ನನ್ನನ್ನ ಅಲ್ಲಿಗೆ ಹೊತ್ಕೊಂಡು ಹೋಗಿ ಏನು ಮಾಡ್ತೀರಿ? ಅಲ್ಲಿ ನಾನು ಮೂಗ. ನಾನು ಬರಲ್ಲ ಅಂತ ಹೇಳು ಅವಳಿಗೆ," ಎಂದರು ಪಾದ್ರಿ ಒಂದು ಸಂಜೆ.

"ಏನಂತೆ?" ಅಮ್ಮ ಪೆಟ್ಟಿಗೆಗೆ ಹೊದಿಕೆ ತುಂಬುತ್ತಿದ್ದಳು.

"ಕಾಲು ಸೆಳೆಯತ್ತಂತೆ."

"ಅಷ್ಟುದ್ದ ಹೇಳಿದ್ರು, ನೀನು ಇಷ್ಟೇ ಹೇಳ್ತೀಯ."

"ಎರಡೂ ಕಾಲು ಸೆಳೆಯತ್ತಂತೆ."

ಅಮ್ಮ ಗೊಣಗುತ್ತ ಎದ್ದು ಎಣ್ಣೆ ಬಿಸಿ ಮಾಡಿ ತಂದು ಕಾಲು ತಿಕ್ಕಲು ಕೂತಳು. ಪಾದ್ರಿ ಏನೂ ಅರ್ಥವಾಗದೆ ಮಗಳ ಮುಖ ನೋಡಿದರು. ಗಿಣಿಗೆ ನಗು ಬಂತು, ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಟಿಕೆಟ್ಟಿನ ಮಾತು ಎದ್ದದ್ದು ಹುರುಳಿಕಾಯಿ ಸೋಸುವಾಗ. ಅಮ್ಮನ ತಮ್ಮ ಅಲ್ಲಿ ಮನೆಯ ಕೆಳಗಿನ ಎರಡು ಕೋಣೆ ತೆರವು ಮಾಡಿಸಿದ್ದಾನೆ, ಮೂರು ಮಂಚ ಹಾಕಿಸಿದ್ದಾನೆ ಎಂದು ಅಮ್ಮ ಹೇಳಿದಳು.

"ಮೂರು ಯಾಕೆ?" ಗಿಣಿ ಕೇಳಿದಳು.

"ಮತ್ತೆ? ನೀನು ನೆಲದ ಮೇಲೆ ಮಲಗ್ತೀಯಾ?"

"ನಾನು ಬರ್ತೀನಿ ಅಂತ ಯಾರು ಹೇಳಿದ್ರು?"

ಅಮ್ಮನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. "ಇದನ್ನೂ ಹೇಳಬೇಕಾ? ನೀನೇ ನಿಮ್ಮಪ್ಪನ ಬಾಯಿ. ಬಾಯಿ ಇಲ್ಲಿಟ್ಟು ಮೈ ಮಾತ್ರ ತಗೊಂಡು ಹೋಗ್ಲಾ?"

"ಅಂಗಡಿ ಯಜಮಾನರು ಸಾಣೆಯ ಕೆಲಸ ಪೂರ್ತಿ ನನಗೆ ಬಿಟ್ಟುಕೊಡ್ತೀನಿ ಅಂದಿದ್ದಾರೆ. ಇರೋಕೆ ಹಿಂದಿನ ಕೋಣೇನೂ ಕೊಡ್ತಾರೆ."

"ಗಾಜು ಉಜ್ಜೋ ಕೆಲಸ ಅಲ್ಲೂ ಸಿಗತ್ತೆ."

"ಅಲ್ಲಿ ಅದನ್ನೆಲ್ಲ ಯಂತ್ರ ಮಾಡತ್ತೆ. ಅಲ್ಲಿಗೆ ಹೋದ್ರೆ ನಾನು ಪರದೇಶಿ ಅಮ್ಮ. ಹಗಲೆಲ್ಲ ನಿಮ್ಮಿಬ್ಬರ ಮಧ್ಯೆ ಕೂತು 'ಹೀಗಂದ್ರು, ಹಾಗಂದ್ಳು' ಅಂತ ಒದರ್ಕೊಂಡು ಇರ್ಬೇಕು."

"ನಾನಿಲ್ಲಿ ಪರದೇಶಿ ಆಗಿರಲಿಲ್ವಾ? ಸತ್ತೋದ್ನಾ?" ಎಂದು ಅಮ್ಮ ಚಾಕು ಎತ್ತಿಕೊಂಡಳು. ಹುರುಳಿಕಾಯಿಯನ್ನು ಅಷ್ಟು ಸಣ್ಣಗೆ ಯಾರೂ ಹೆಚ್ಚುವುದಿಲ್ಲ.

ಒಳಕೋಣೆಯಿಂದ ಪಾದ್ರಿ ಕೂಗಿದರು. "ಏನು ಜಗಳ ಗಿಣಿ?"

"ಹುರುಳಿಕಾಯಿ ಬಲಿತಿದೆಯಂತಪ್ಪ."

ಕನ್ನಡಕದಂಗಡಿಯ ಹಿಂಭಾಗದಲ್ಲಿ ಸಾಣೆಗಲ್ಲು ನೀರು ಚಿಮುಕಿಸುತ್ತ ತಿರುಗುತ್ತಿತ್ತು. ಗಾಜಿನ ಅಂಚನ್ನು ಚೌಕಟ್ಟಿನ ಅಳತೆಗೆ ಸವೆಸಬೇಕು. ಕೂದಲೆಳೆಯಷ್ಟು ಹೆಚ್ಚು ಸವೆದರೆ ಗಾಜು ಉದುರುತ್ತದೆ, ಕಡಿಮೆಯಾದರೆ ತಿರುಪು ಬಿಗಿಯುವಾಗ ಬಿರುಕು ಬಿಡುತ್ತದೆ. ಗಿಣಿಯ ಹೆಬ್ಬೆರಳಿನ ತುದಿ ಇದನ್ನು ಕಲಿಯಲು ಬಹಳ ಗಾಜು ಒಡೆದಿತ್ತು, ಬಹಳ ಬೈಗುಳ ತಿಂದಿತ್ತು. ಲೋಕದಲ್ಲಿ ಯಾರ ಮಾತನ್ನೂ ಯಾರಿಗೂ ಮುಟ್ಟಿಸಬೇಕಿಲ್ಲದ ಜಾಗ ಅವಳಿಗೆ ಇದೊಂದೇ. ಇಲ್ಲಿ ಕೂತಾಗ ಅವಳು ಸುಖವಾಗಿರುತ್ತಿದ್ದಳು.

"ಏನು ತೀರ್ಮಾನ ಮಾಡ್ದೆ?" ಎಂದರು ಯಜಮಾನರು. "ನನ್ನ ಕಣ್ಣಿಗೆ ಪೊರೆ ಬಂದಿದೆ ಮಗಳೇ. ಕನ್ನಡಕದಂಗಡಿಯವನಿಗೇ ಕಣ್ಣು ಕಾಣಲ್ಲ ಅಂತ ಗಿರಾಕಿಗಳಿಗೆ ಗೊತ್ತಾಗೋ ಮುಂಚೆ ನೀನು ಸಾಣೆ ಮುಂದೆ ಕೂರಬೇಕು. ಇಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

"ಇನ್ನೊಂದಿಷ್ಟು ದಿನ ಕೊಡಿ."

"ನಾನೇನೋ ಕೊಡ್ತೀನಿ. ಪೊರೆ ಕೊಡತ್ತಾ ಕೇಳು."

ಅದೇ ವಾರ ಹೊಸ ಪಾದ್ರಿಯ ಹೆಂಡತಿ ಕಿಟಕಿಗಳ ಅಳತೆ ತೆಗೆದುಕೊಳ್ಳಲು ಬಂದಳು. ಪರದೆ ಹೊಲಿಸಬೇಕಂತೆ. ಟೇಪು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿದಳು, ಕಪಾಟಿನ ಬಾಗಿಲು ತೆಗೆದು ಮುಚ್ಚಿ ನೋಡಿದಳು. ಅಮ್ಮನ ನಾಡಿನವಳೇ. ಆದರೆ ಬರುವ ಮುಂಚೆಯೇ ತರಬೇತಿಯಲ್ಲಿ ಊರಮಾತು ಕಲಿತು ಬಂದವಳು. ಪಾದ್ರಿಯ ಮುಂದೆ ಮಂಡಿಯೂರಿ ಕೂತು, "ಹೇಗಿದ್ದೀರಿ? ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ?" ಎಂದು ಮುದ್ದಾಗಿ ಕೇಳಿದಳು. ಪಾದ್ರಿಯ ಮುಖ ಅರಳಿತು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಮ್ಮ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು, ಕೂರಲೂ ಇಲ್ಲ, ಒಳಗೆ ಹೋಗಲೂ ಇಲ್ಲ.

ಮಾರನೆಯ ದಿನ ಗಿಣಿ ಮಧ್ಯಾಹ್ನದ ಊಟಕ್ಕೆ ಬಂದಾಗ ಅಡುಗೆಯಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಅಮ್ಮ ಪಾದ್ರಿಗೆ ಗಂಜಿ ತಿನ್ನಿಸುತ್ತಿದ್ದಳು. ಗಿಣಿ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮನ ದನಿ ಕೇಳಿತು. ಸಿಟ್ಟಿಲ್ಲದ, ಏರಿಳಿತವಿಲ್ಲದ, ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವಾಗಿನ ದನಿ. ಮನೆಮಾತಿನಲ್ಲಿ ಹೇಳುತ್ತಿದ್ದಳು:

"ನೀವು ನನ್ನ ಬದುಕು ತಿಂದುಬಿಟ್ರಿ. ನಾನು ನಿಮ್ಮನ್ನ ಒಂದು ದಿನಾನೂ ಕ್ಷಮಿಸಿಲ್ಲ."

ಹೇಳಿ, ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಅವರ ಕಣ್ಣನ್ನೇ ನೋಡಿದಳು. ನಾಟಕವಾದರೆ ಈಗ ಕಳಚಿ ಬೀಳಬೇಕು. ಕ್ಷಮೆಯ ಮೇಲೆ ಪಾದ್ರಿ ಮಾಡುತ್ತಿದ್ದ ಪ್ರವಚನ ಕೇಳಿ ಊರಿನ ದಾಯಾದಿಗಳು ಒಂದಾದದ್ದಿತ್ತು. ಈ ಮಾತು ಕೇಳಿಯೂ ಆ ಮನುಷ್ಯನ ರೆಪ್ಪೆ ಅಲುಗದಿದ್ದೀತೇ?

ರೆಪ್ಪೆ ಅಲುಗಲಿಲ್ಲ. ಅಮ್ಮ ಅದನ್ನೇ ಇನ್ನೊಮ್ಮೆ ಹೇಳಿದಳು. ಪಾದ್ರಿ ನಕ್ಕು ಎಡಗೈಯಿಂದ ಅವಳ ಮೊಣಕೈ ತಟ್ಟಿದರು. "ಚೆನ್ನಾಗಿದೆ, ಚೆನ್ನಾಗಿದೆ," ಎಂದು ಬಟ್ಟಲು ತೋರಿಸಿದರು. ಆಮೇಲೆ ಬಾಗಿಲಲ್ಲಿದ್ದ ಮಗಳನ್ನು ಕಂಡರು.

"ಬಂದೆಯಾ ಗಿಣಿ? ನಿಮ್ಮಮ್ಮ ಏನೋ ಹೇಳ್ತಿದ್ದಾಳೆ. ಏನು?"

ಅಮ್ಮ ತಿರುಗಿ ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಗಂಜಿ ಆರಿಹೋಗತ್ತೆ, ಬೇಗ ತಿನ್ನಿ ಅಂತಿದ್ದಾಳೆ," ಎಂದಳು ಗಿಣಿ.

"ಬಿಸಿಯಾಗೇ ಇದೆ ಅಂತ ಹೇಳು."

"ಏನಂದ್ರು?" ಅಮ್ಮ ಕೇಳಿದಳು.

"ಗಂಜಿ ಬಿಸಿಯಾಗೇ ಇದೆಯಂತೆ."

ಅಮ್ಮ ಬಟ್ಟಲು ಕೆಳಗಿಟ್ಟು ಅಡುಗೆಮನೆಗೆ ಹೋದಳು. ಗಿಣಿ ಹಿಂದೆಯೇ ಹೋದಳು. ಅಮ್ಮ ಒಲೆಯ ಕಟ್ಟೆಗೆ ಒರಗಿ ನಿಂತು ನಗುತ್ತಿದ್ದಳು. ನಗುತ್ತ ನಗುತ್ತಲೇ ಅಳು ಬಂತು.

"ನಾಟಕ ಅಲ್ಲ ಕಣೇ ಅದು."

"ನಾನು ಹೇಳ್ತಾನೇ ಇದ್ನಲ್ಲಮ್ಮ."

"ಎಷ್ಟು ವರ್ಷದಿಂದ ಹೇಳಬೇಕು ಅಂತಿದ್ದೆ. ಧೈರ್ಯ ಮಾಡಿ ಹೇಳ್ದಾಗ ಕೇಳಿಸ್ಕೊಳ್ಳೋಕೆ ಆ ಮನುಷ್ಯನೇ ಇಲ್ಲ." ಮೂಗು ಒರೆಸಿಕೊಂಡು ಮಗಳ ತೋಳು ಹಿಡಿದಳು. "ನೀನು ಇದುವರೆಗೂ ನನಗೆ ಹೇಳಿದ್ದೆಲ್ಲ ಹೀಗೇನಾ? ಕಾಲು ಸೆಳೆಯತ್ತೆ ಅಂದದ್ದು?"

ಗಿಣಿ ತೋಳು ಬಿಡಿಸಿಕೊಂಡು ಒಲೆಯ ಮೇಲಿನ ಪಾತ್ರೆ ಮುಚ್ಚಿದಳು.

"ಬರಲ್ಲ ಅಂದ್ರು ಅಲ್ವಾ?"

"ಹೂಂ."

"ಬರದೆ ಇಲ್ಲಿ ಯಾರು ನೋಡ್ಕೋತಾರೆ? ಇರೋಕೆ ಮನೆಯೂ ಇಲ್ಲ," ಎಂದು ಅಮ್ಮ ಪಾತ್ರೆ ತೊಳೆಯಲು ನಿಂತಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ ಹಿಡಿಯುವುದೇ ಕಷ್ಟ. ಅಪ್ಪ ಅಮ್ಮನನ್ನು ಅಲ್ಲಿಟ್ಟು ಸಾಕುತ್ತೇನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅಡುಗೆಮನೆಯಿಂದ ವಿಚಿತ್ರ ಸದ್ದು ಕೇಳತೊಡಗಿತು. ಅಮ್ಮ ಈರುಳ್ಳಿ ಹೆಚ್ಚುತ್ತ ಪಾಠ ಒಪ್ಪಿಸುತ್ತಿದ್ದಳು, ಅಡುಗೆಯಕ್ಕ ಅಕ್ಕಿ ಆರಿಸುತ್ತ ತಿದ್ದುತ್ತಿದ್ದಳು.

"ನೋವು ಇದೆ?"

"ಹಾಗಲ್ಲ ಅಮ್ಮಾವ್ರೇ. ನೋವಾ? ಎಳೀಬೇಕು. ನೋವಾ?"

"ನೋವಾ. ಎಲ್ಲಿ ತೋರಿಸು."

"ತೋರಿಸಿ. ಗಂಡನಿಗೆ ತೋರಿಸು ಅಂತಾರಾ ಯಾರಾದ್ರೂ?"

"ತೋರಿಸಿ. ತಿನ್ನಿ. ಮಲಗು."

"ಮಲಗಿ!"

ಆ 'ಇ'ಕಾರ ಮಾತ್ರ ಅಮ್ಮನ ನಾಲಿಗೆಗೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ಸರಿಯಾಗಿದ್ದದ್ದು ಹಾಸಿಗೆಯ ಹತ್ತಿರ ಬರುವಷ್ಟರಲ್ಲಿ ಮತ್ತೆ ಏಕವಚನವಾಗುತ್ತಿತ್ತು. "ಏಳು. ಬಾಯಿ ತೆಗಿ. ಮಲಗು," ಎಂದು ಹಾಲಿನವನಿಗೆ ಅಂದಂತೆ ಅನ್ನುವಳು. ಪಾದ್ರಿ ಮೊದಲ ಸಲ ಕೇಳಿದಾಗ ಕಣ್ಣರಳಿಸಿದರು.

"ಊರಲ್ಲಿ ನನಗೆ ಬಹುವಚನ ಬಿಟ್ಟು ಮಾತಾಡಿದೋರಿಲ್ಲ. ಇವಳು ನೋಡು, ಮನೆ ಆಳಿನ ಹಾಗೆ ಮಾತಾಡಿಸ್ತಾಳೆ," ಎಂದು ಮಗಳಿಗೆ ದೂರು ಕೊಟ್ಟರು. ದೂರು ಕೊಡುವಾಗ ಸಣ್ಣ ನಗುವೂ ಇತ್ತು.

ಹೊರಡಲು ವಾರವಿದೆ ಎನ್ನುವಾಗ ಅಮ್ಮ ಕನ್ನಡಕದಂಗಡಿಗೆ ಬಂದಳು. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಗಿಣಿ ಸಾಣೆ ನಿಲ್ಲಿಸಿ ಕೈ ಒರೆಸಿಕೊಂಡಳು.

"ನಿನ್ನ ಟಿಕೆಟ್ಟು ವಾಪಸ್ ಮಾಡಿಸ್ದೆ."

"ಅಪ್ಪನ ಜೊತೆ ಮಾತಾಡೋರು ಯಾರು?"

"ನಾನು."

"ನಿನಗೆ ಏನು ಬರತ್ತಮ್ಮ?"

"ತಿನ್ನಿ, ಮಲಗಿ, ನೋವಾ, ತೋರಿಸಿ, ಚಳಿಯಾ, ಹೆದರಬೇಡಿ," ಎಂದು ಅಮ್ಮ ಒಂದೇ ಉಸಿರಿಗೆ ಒಪ್ಪಿಸಿದಳು. "ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಮಾತು ನಮ್ಮಿಬ್ಬರ ಮಧ್ಯೆ ಯಾವತ್ತು ಇತ್ತು?"

"ಅಮ್ಮಾ, ಬೇಕಾದ್ರೆ ಸ್ವಲ್ಪ ದಿನದ ಮಟ್ಟಿಗೆ ನಾನೂ ಬರ್ತೀನಿ."

"ಸ್ವಲ್ಪ ದಿನ ಅಂತ ಬರೋದು ಏನು ಅಂತ ನನಗೆ ಗೊತ್ತು. ನನ್ನ ಹತ್ರ ಅದನ್ನ ಹೇಳಬೇಡ." ಸಾಣೆಗಲ್ಲನ್ನು ಬೆರಳಿಂದ ಮುಟ್ಟಿ ನೋಡಿದಳು. "ಇದೇನಾ ಅದು? ಇಷ್ಟೇನಾ?"

"ಇಷ್ಟೇ."

ಗಿಣಿಗೆ ಸಂತೋಷವಾಯಿತು. ಆಗಬಾರದಿತ್ತು, ಆಯಿತು. ಅಮ್ಮ ಬೀದಿಯ ತಿರುವು ದಾಟುವವರೆಗೂ ತಡೆದುಕೊಂಡಿದ್ದು, ಆಮೇಲೆ ಸಾಣೆಯ ಮುಂದೆ ಕೂತು ನಾಚಿಕೆಯಿಂದ ಅತ್ತಳು.

ಹೊರಟ ದಿನ ಗೇಟಿನ ಬಳಿ ಜನ ಸೇರಿದ್ದರು. ಬರಲ್ಲ ಎಂದಿದ್ದ ಪಾದ್ರಿ, ಇರಲು ಮನೆಯಿಲ್ಲದೆ, ಗಾಡಿ ಹತ್ತಿ ಕೂತು ಒಬ್ಬೊಬ್ಬರ ಕೈಯನ್ನೂ ಹಿಡಿದು ಹೆಸರು ಹಿಡಿದು ಮಾತಾಡಿಸಿದರು. ಹೇಳಬೇಕಾದ್ದನ್ನೆಲ್ಲ ಇಲ್ಲೇ ಮುಗಿಸಿಬಿಡುವ ಆತುರವಿತ್ತು ಅವರಿಗೆ. ಅಮ್ಮ ಅಡುಗೆಯಕ್ಕನ ಮುಂದೆ ನಿಂತಳು.

"ಹೋಗಿ ಬರ್ತೀನಿ ಅನ್ನಬೇಕು ಅಮ್ಮಾವ್ರೇ. ಬರೀ ಹೋಗ್ತೀನಿ ಅನ್ನಬಾರದು," ಎಂದು ಅಡುಗೆಯಕ್ಕ ಕೊನೆಯ ಪಾಠ ಹೇಳಿದಳು. ಗಿಣಿ ಅದರ ಅರ್ಥ ತಿಳಿಸಿದಳು.

"ಬರಲ್ವಲ್ಲ," ಎಂದಳು ಅಮ್ಮ ಮಗಳಿಗೆ. ಆಮೇಲೆ ಅಡುಗೆಯಕ್ಕನ ಕಡೆ ತಿರುಗಿ ಊರಮಾತಿನಲ್ಲಿ, "ಸುಳ್ಳು ಬೇಡ. ಹೋಗ್ತೀನಿ," ಎಂದಳು.

ಆಮೇಲೆ ಭಾನುವಾರಗಳ ಫೋನು. ಮೊದಮೊದಲು ಪಾದ್ರಿ ನಿಲ್ಲದೆ ಮಾತಾಡುತ್ತಿದ್ದರು, ವಾರವೆಲ್ಲ ಕೂಡಿಟ್ಟದ್ದನ್ನು ಒಂದೇ ಸಲ ಸುರಿಯುತ್ತಿದ್ದರು. ಸೋದರಮಾವನ ಮನೆಯವರು ಕಿವುಡನ ಜೊತೆ ಮಾತಾಡಿದಂತೆ ಕಿವಿಗೆ ಬಾಯಿಟ್ಟು ಕಿರುಚುತ್ತಾರಂತೆ. ಮಕ್ಕಳು ಅವರ ಮಾತನ್ನು ಅಣಕಿಸುತ್ತಾರಂತೆ. ಚರ್ಚಿನಲ್ಲಿ ಹಳೆಯ ಸ್ನೇಹಿತರು ಬಂದು ತಬ್ಬಿಕೊಂಡು ಏನೇನೋ ಹೇಳಿದರಂತೆ, ಇವರು ತಲೆ ಆಡಿಸಿದರಂತೆ. ವಾರ ಕಳೆದಂತೆ ಮಾತು ಕಡಿಮೆಯಾಯಿತು. ಆಡದ ಮಾತಿಗೆ ತುಕ್ಕು ಹಿಡಿಯುತ್ತದೆ. ಗಿಣಿ ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ. ಗಾಜು ಸವೆಸುವಾಗಲೂ ಅವಳ ಕಿವಿ ಆ ಹೂಂಗುಟ್ಟುವಿಕೆಯಲ್ಲೇ ಇರುತ್ತಿತ್ತು, ಎರಡು ಗಾಜು ಸ್ವಲ್ಪ ಹೆಚ್ಚೇ ಸವೆದುಹೋದವು.

ಒಂದು ಭಾನುವಾರ ಪಾದ್ರಿಯೇ ಮಾತೆತ್ತಿದರು.

"ಗಿಣಿ, ಒಂದು ಅರ್ಥ ಹೇಳು. ನಿಮ್ಮಮ್ಮ ದಿನಾ ಮಲಗೋ ಮುಂಚೆ ಒಂದು ಮಾತು ಹೇಳ್ತಾಳೆ. ಅವಳ ಭಾಷೇಲಿ. ಕೇಳಿ ಕೇಳಿ ಬಾಯಿಪಾಠ ಆಗಿದೆ."

ಶಬ್ದ ಹಿಡಿಯುವುದರಲ್ಲಿ ಅವರು ಮೊದಲಿನಿಂದಲೂ ಗಟ್ಟಿಗರು. ಈಗ ತಮ್ಮ ತಾಯಿ ಕಲಿಸಿದ ಮಾತನ್ನೇ ಪರದೇಶದವರ ಹಾಗೆ ತೊದಲುತ್ತ, ಒಂದೊಂದೇ ಶಬ್ದ ಜೋಡಿಸಿ ಒಪ್ಪಿಸಿದರು. ಉಚ್ಚಾರ ಕೆಟ್ಟಿತ್ತು, ಮಾತು ಕೆಟ್ಟಿರಲಿಲ್ಲ.

ನಾನು ನಿಮ್ಮನ್ನ ಒಂದು ದಿನಾನೂ ಕ್ಷಮಿಸಿಲ್ಲ.

"ಏನು ಗಿಣಿ ಅದು?"

"ಗಂಜಿ ಆರಿಹೋಗತ್ತೆ, ಬೇಗ ತಿನ್ನಿ ಅಂತ ಅಪ್ಪಾ."

ಆ ಕಡೆ ಪಾದ್ರಿ ಆ ಶಬ್ದಗಳನ್ನು ಇನ್ನೊಮ್ಮೆ ಗುನುಗಿದರು.

"ಇಲ್ಲಿ ಗಂಜಿ ಮಾಡಲ್ಲ ಮಗಳೇ. ರಾತ್ರಿಗೆ ಬರೀ ಬ್ರೆಡ್ಡು."

ಗಿಣಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಹೋಗ್ಲಿ ಬಿಡು," ಎಂದರು ಪಾದ್ರಿ. "ಒಳ್ಳೇ ಮಾತೇ ಇರಬೇಕು. ಹೇಳುವಾಗ ನನ್ನ ಕೈ ಹಿಡ್ಕೊಂಡಿರ್ತಾಳೆ."

ಅಮ್ಮ ಒಳಗಿನಿಂದ ಬಂದು ಫೋನು ತೆಗೆದುಕೊಂಡಳು. "ಏನಂದ್ರು? ಬಹಳ ದಿನದ ಮೇಲೆ ಅಷ್ಟುದ್ದ ಮಾತಾಡಿದ್ರು."

ಈ ಸಲ ಗಿಣಿ ಒಂದಕ್ಷರವನ್ನೂ ಬದಲಾಯಿಸಲಿಲ್ಲ. "ನೀನು ದಿನಾ ರಾತ್ರಿ ಹೇಳೋದು ಒಳ್ಳೇ ಮಾತೇ ಇರಬೇಕಂತೆ. ಹೇಳುವಾಗ ಕೈ ಹಿಡ್ಕೊಂಡಿರ್ತೀಯಂತೆ."

ಅಮ್ಮ ಫೋನು ಇಟ್ಟ ಸದ್ದು ಕೇಳಲಿಲ್ಲ. ಮೇಜಿನ ಮೇಲೋ ಮಡಿಲಲ್ಲೋ ಹಾಗೇ ಬಿಟ್ಟಿರಬೇಕು, ಕುರ್ಚಿ ಎಳೆದದ್ದು ಕೇಳಿತು. ಆಮೇಲೆ ದೂರದಿಂದ ಅವಳ ದನಿ, ಊರಮಾತಿನಲ್ಲಿ, ಅಡುಗೆಮನೆಯ ಅದೇ ಏಕವಚನ:

"ಕೈ ತಾ."

ಸ್ವಲ್ಪ ಹೊತ್ತಿನ ಮೇಲೆ, ಮನೆಮಾತಿನಲ್ಲಿ, ಅದೇ ವಾಕ್ಯ. "ಚೆನ್ನಾಗಿದೆ, ಚೆನ್ನಾಗಿದೆ," ಎಂದರು ಪಾದ್ರಿ. ಈ ಸಲ ಅರ್ಥ ಯಾರೂ ಕೇಳಲಿಲ್ಲ.